ವೈರಸ್ ಒತ್ತುವ ಸ್ವಿಚ್ಚುಗಳು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಜೀನ್ ನಿಯಂತ್ರಣ (ಯಾವ ಜೀನು ಯಾವಾಗ ಕೆಲಸ ಮಾಡಬೇಕೆಂಬ ಜೀವಕೋಶದ ವ್ಯವಸ್ಥೆ) ಮತ್ತು ವೈರಾಲಜಿಯಲ್ಲಿ ಸಂಶೋಧನೆ ಮಾಡಬೇಕೆನ್ನುವವರು, ಮಕ್ಕಳನ್ನು ಆ ದಾರಿಗೆ ಕಳಿಸಬೇಕೋ ಬೇಡವೋ ಎಂದು ತೂಗುತ್ತಿರುವವರು, ಈಗಾಗಲೇ ಲ್ಯಾಬಿನಲ್ಲಿ ನಿಂತು ಫಲಿತಾಂಶ ಹೊಂದದೆ ಕಂಗಾಲಾದವರು ಬರೆದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿದ್ದೇವೆ. ಎಲ್ಲವೂ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಪತ್ರಗಳು.

ಪ್ರಶ್ನೆ: ನನ್ನ ಮಗಳು ಸೈನ್ಸ್ ತಗೊಂಡು ಪಿಯುಸಿ ಎರಡನೇ ವರ್ಷ ಓದಾಕತ್ತಾಳ್ರಿ. ಡಾಕ್ಟರ್ ಆಗೂದಿಲ್ಲ, ವೈರಸ್ ಮ್ಯಾಲೆ ರಿಸರ್ಚ್ ಮಾಡ್ತೀನಿ ಅಂತಾಳ. ಎಷ್ಟು ವರ್ಷ ಓದಬೇಕು? ಅಲ್ಲೀತನಕ ಖರ್ಚು ಯಾರು ನೋಡ್ಕೋತಾರ? ಕಡೀಕ ನೌಕರಿ ಸಿಗತೈತೋ ಇಲ್ಲೋ?
— ಒಬ್ಬ ತಂದೆ, ಲಕ್ಷ್ಮೇಶ್ವರ

ಉತ್ತರ: ಬಿ.ಎಸ್ಸಿ. ಮೂರು ವರ್ಷ, ಎಂ.ಎಸ್ಸಿ. ಎರಡು, ಪಿಎಚ್.ಡಿ. ಐದರಿಂದ ಆರು, ಅದರ ಮೇಲೆ ಪೋಸ್ಟ್‌ಡಾಕ್ ಎಂಬ ತರಬೇತಿ ಮೂರರಿಂದ ಐದು ವರ್ಷ. ಸ್ವಂತ ಲ್ಯಾಬ್ ಕೈಗೆ ಬರುವ ಹೊತ್ತಿಗೆ ವಯಸ್ಸು ಮೂವತ್ತಮೂರು, ಮೂವತ್ತೈದು ಆಗಿರುತ್ತದೆ. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಸರಿಯಲ್ಲ.

ಆದರೆ ಮನೆಯಿಂದ ಹಣ ಹೋಗುವುದು ಮೊದಲ ಐದು ವರ್ಷ ಮಾತ್ರ. ಧಾರವಾಡದ ಕರ್ನಾಟಕ ವಿಜ್ಞಾನ ಕಾಲೇಜಿನಲ್ಲೋ ಗದಗದ ಯಾವುದಾದರೂ ಕಾಲೇಜಿನಲ್ಲೋ ಬಿ.ಎಸ್ಸಿ. ಮುಗಿಸಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡಿದರೆ ಊರು ಬಿಟ್ಟು ಬಹಳ ದೂರ ಹೋಗಬೇಕಾಗಿಯೂ ಇಲ್ಲ. ವೈರಾಲಜಿಯೇ ಬೇಕೆಂದು ಈಗಲೇ ಗಟ್ಟಿಯಾಗಿದ್ದರೆ, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಅದೇ ವಿಷಯದ ಎಂ.ಎಸ್ಸಿ. ಇದೆ. ಬಿ.ಎಸ್ಸಿ. ನಂತರ ಜಾಮ್ ಪರೀಕ್ಷೆ ಬರೆದು ಬೆಂಗಳೂರಿನ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ (ಎಂ.ಎಸ್ಸಿ., ಪಿಎಚ್.ಡಿ. ಎರಡೂ ಒಟ್ಟಿಗೆ) ಸೇರಿದರೆ ಅಲ್ಲಿಂದಲೇ ಫೆಲೋಶಿಪ್ ಶುರು.

ಪಿಎಚ್.ಡಿ.ಗೆ ಸೇರಿದ ಮೇಲೆ ಓದುವವರಿಗೆ ಸರಕಾರವೇ ಹಣ ಕೊಡುತ್ತದೆ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ, 2023ರ ಜನವರಿಯಿಂದ ಜಾರಿಯಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಒಂದು ಎಚ್ಚರಿಕೆ: ಈ ಹಣ ತಿಂಗಳು ತಿಂಗಳು ತಪ್ಪದೆ ಬರುತ್ತದೆಂದು ನಂಬಿ ಸಾಲದ ಕಂತು ಕಟ್ಟಲು ಒಪ್ಪಿಕೊಳ್ಳಬೇಡಿ. ಕೆಲವೊಮ್ಮೆ ನಾಲ್ಕೈದು ತಿಂಗಳದ್ದು ಒಟ್ಟಿಗೆ ಬರುತ್ತದೆ. ಮೊದಲ ಆರು ತಿಂಗಳ ಊಟ-ವಸತಿಗೆ ಬೇಕಾಗುವಷ್ಟನ್ನು ಕೈಯಲ್ಲಿ ಇಟ್ಟುಕೊಂಡಿರಬೇಕು.

ಪರೀಕ್ಷೆಯ ಸ್ವರೂಪ ಮಗಳಿಗೆ ಈಗಲೇ ಗೊತ್ತಿರಲಿ. ಲೈಫ್ ಸೈನ್ಸಸ್ ಪತ್ರಿಕೆ 200 ಅಂಕ, ಮೂರು ತಾಸು. ಎ ಭಾಗ 30 ಅಂಕ, ಬಿ ಭಾಗ 70, ಸಿ ಭಾಗ 100. ಸಿ ಭಾಗದಲ್ಲಿ 75 ಪ್ರಶ್ನೆ ಇದ್ದರೂ 25ಕ್ಕೆ ಮಾತ್ರ ಉತ್ತರಿಸಬೇಕು, ತಲಾ 4 ಅಂಕ, ತಪ್ಪಾದರೆ ಕಾಲುಭಾಗ ಕಡಿತ. ಅಲ್ಲಿ ಕೇಳುವುದು ವ್ಯಾಖ್ಯೆಯನ್ನಲ್ಲ. ಡಿಎನ್‌ಎ ಅಥವಾ ಪ್ರೋಟೀನನ್ನು ಗೆರೆಗಳಾಗಿ ಬೇರ್ಪಡಿಸಿದ ಒಂದು ಜೆಲ್‌ನ ಚಿತ್ರ ಕೊಟ್ಟು ಈ ಗೆರೆ ಯಾಕೆ ಮಾಯವಾಯಿತು ಎಂದು ಕೇಳುತ್ತಾರೆ. ಗೈಡ್ ಬಾಯಿಪಾಠ ಮಾಡಿದವರು ಬಿ ಭಾಗದಲ್ಲಿ ಚೆನ್ನಾಗಿ ಮಾಡಿ ಸಿ ಭಾಗದಲ್ಲಿ ಮುಗ್ಗರಿಸುವುದು ಇದಕ್ಕೇ.

ಇನ್ನು ನೌಕರಿ. ಪಿಎಚ್.ಡಿ. ಮಾಡಿದ ಎಲ್ಲರಿಗೂ ಸ್ವಂತ ಲ್ಯಾಬ್ ಸಿಗುವುದಿಲ್ಲ. ಉಳಿದವರು ಕಾಲೇಜು-ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡುತ್ತಾರೆ, ಲಸಿಕೆ ಮತ್ತು ಔಷಧ ಕಂಪನಿಗಳಿಗೆ, ರೋಗಪತ್ತೆ ಲ್ಯಾಬುಗಳಿಗೆ, ವೈದ್ಯಕೀಯ ಕಾಲೇಜುಗಳಲ್ಲಿರುವ ವಿಆರ್‌ಡಿಎಲ್ ಎಂಬ ವೈರಸ್ ಪರೀಕ್ಷಾ ಕೇಂದ್ರಗಳಿಗೆ, ಬೀಜ ಕಂಪನಿಗಳಿಗೆ ಹೋಗುತ್ತಾರೆ. ಕೆಲಸವಿಲ್ಲದೆ ಕೂರುವವರು ಕಡಿಮೆ, ಬೇಕೆಂದ ಕೆಲಸಕ್ಕೆ ಕಾಯುವವರು ಹೆಚ್ಚು. ಕಾಯುವ ತಾಳ್ಮೆ ಮಗಳಿಗಿದೆಯೇ ಎಂಬುದನ್ನು ನಮಗಿಂತ ನೀವು ಚೆನ್ನಾಗಿ ಬಲ್ಲಿರಿ.

ಪ್ರಶ್ನೆ: ಲ್ಯಾಕ್ ಆಪೆರಾನ್ (ಲ್ಯಾಕ್ಟೋಸ್ ಸಕ್ಕರೆ ಬಳಸಲು ಬ್ಯಾಕ್ಟೀರಿಯದಲ್ಲಿರುವ ಜೀನುಗಳ ಗುಂಪು) ನಮಗೆ ಒಂದು ಪಾಠ, ವೈರಸ್‌ಗಳದ್ದು ಬೇರೆ ಪಾಠ. ಇವೆರಡನ್ನೂ ಸೇರಿಸಿ ಒಂದೇ ಸಂಶೋಧನಾ ಕ್ಷೇತ್ರ ಎನ್ನುವುದು ಯಾಕೆ? ಕಾಲೇಜಿನ ಸಾಧಾರಣ ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಲು ಸಾಧ್ಯವೇ?
— ಬಿ.ಎಸ್ಸಿ. ಮೈಕ್ರೋಬಯಾಲಜಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪಠ್ಯದಲ್ಲಿ ದೂರವಾದ ಈ ಎರಡೂ ಹುಟ್ಟಿದ್ದು ಒಂದೇ ಕಾರಿಡಾರಿನಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಅಟ್ಟದ ಮೇಲೆ. ಒಂದು ತುದಿಯಲ್ಲಿ ಜಾಕ್ ಮೊನೊ, ಲ್ಯಾಕ್ಟೋಸ್ ಕೊಟ್ಟಾಗ ಮಾತ್ರ ಬ್ಯಾಕ್ಟೀರಿಯ ಅದರ ಕಿಣ್ವ ತಯಾರಿಸುವುದೇಕೆ ಎಂದು ಹುಡುಕುತ್ತಿದ್ದರು. ಇನ್ನೊಂದು ತುದಿಯಲ್ಲಿ ಆಂದ್ರೆ ಲ್ವೋಫ್ ಮತ್ತು ಫ್ರಾಂಸ್ವಾ ಜಾಕೋಬ್, ಬ್ಯಾಕ್ಟೀರಿಯದೊಳಗೆ ಸದ್ದಿಲ್ಲದೆ ಮಲಗಿದ ವೈರಸ್ ಯಾವಾಗ ಏಳುತ್ತದೆಂದು ನೋಡುತ್ತಿದ್ದರು. ಎರಡೂ ಕಡೆ ಉತ್ತರ ಒಂದೇ ಬಂತು: ಒಂದು ಪ್ರೋಟೀನು ಡಿಎನ್‌ಎ ಮೇಲೆ ಕುಳಿತು ಜೀನನ್ನು ಮುಚ್ಚಿಟ್ಟಿರುತ್ತದೆ, ಅದು ಎದ್ದು ಹೋದರೆ ಜೀನು ತೆರೆದುಕೊಳ್ಳುತ್ತದೆ. 1961ರ ಪ್ರಬಂಧ, 1965ರ ನೊಬೆಲ್ ಈ ಮೂವರಿಗೆ. ಸಕ್ಕರೆಯ ಪ್ರಶ್ನೆಯೂ ವೈರಸ್ಸಿನ ಪ್ರಶ್ನೆಯೂ ಅಂದಿನಿಂದ ಬೇರೆಯಾಗಿಲ್ಲ.

ಯಾಕೆಂದರೆ ವೈರಸ್ ಬಲು ಸಣ್ಣದು. ಇ. ಕೋಲಿ ಬ್ಯಾಕ್ಟೀರಿಯದ ಡಿಎನ್‌ಎ ಸುಮಾರು 46 ಲಕ್ಷ ಅಕ್ಷರ. ಅದಕ್ಕೆ ತಗಲುವ ಲ್ಯಾಮ್ಡಾ ವೈರಸ್ಸಿನದು 48,502. ಮಂಗಗಳ ಎಸ್‌ವಿ40 ವೈರಸ್ಸಿನದು ಬರೀ 5,243. ಇಷ್ಟು ಕಿರಿದರಲ್ಲಿ ಸ್ವಂತ ಯಂತ್ರ ಹೊತ್ತು ತರಲಾಗದು. ಜೀವಕೋಶದ ಸ್ವಿಚ್ಚುಗಳನ್ನೇ ಹುಡುಕಿ ಒತ್ತಬೇಕು. ಹಾಗಾಗಿ ವೈರಸ್ ಎಲ್ಲಿ ಕೈ ಹಾಕುತ್ತದೋ ಅಲ್ಲೊಂದು ಮುಖ್ಯ ಸ್ವಿಚ್ ಇದೆ ಎಂದೇ ಅರ್ಥ. ಜೀನಿನ ನಕಲಾದ ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವ ಸ್ಪ್ಲೈಸಿಂಗ್ 1977ರಲ್ಲಿ ಗೊತ್ತಾಗಿದ್ದು ಅಡಿನೋವೈರಸ್ಸಿನಿಂದ. ದೂರದಲ್ಲಿದ್ದುಕೊಂಡೇ ಜೀನನ್ನು ಚುರುಕುಗೊಳಿಸುವ ಎನ್‌ಹ್ಯಾನ್ಸರ್ 1981ರಲ್ಲಿ ಕಂಡಿದ್ದು ಎಸ್‌ವಿ40ಯಲ್ಲಿ. ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವ ಕಿಣ್ವವನ್ನು 1970ರಲ್ಲಿ ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಹಿಡಿದದ್ದು ಗೆಡ್ಡೆ ತರುವ ವೈರಸ್‌ಗಳಲ್ಲಿ.

ಕಣ್ಣಾರೆ ನೋಡಲು ಲ್ಯಾಮ್ಡಾ ಸಾಕು. ಮನುಷ್ಯರಿಗೆ ತಗಲುವುದಿಲ್ಲ. ಆಟೋಕ್ಲೇವ್, 37 ಡಿಗ್ರಿಯ ಇನ್‌ಕ್ಯುಬೇಟರ್, ಒಂದು ವಾಟರ್ ಬಾತ್ ಇದ್ದರೆ ಆಯಿತು. ಇ. ಕೋಲಿ ಕೆ-12 ತಳಿ ಮತ್ತು ಲ್ಯಾಮ್ಡಾ ಎರಡನ್ನೂ ಅಧ್ಯಾಪಕರ ಮೂಲಕ ವಿಶ್ವವಿದ್ಯಾಲಯದ ವಿಭಾಗದಿಂದ ಅಥವಾ ತಳಿ ಸಂಗ್ರಹ ಕೇಂದ್ರದಿಂದ ತರಿಸಿಕೊಳ್ಳಿ.

ಎಲ್‌ಬಿ ದ್ರಾವಣಕ್ಕೆ ಶೇ. 0.2 ಮಾಲ್ಟೋಸ್ ಮತ್ತು 10 ಮಿಲಿಮೋಲಾರ್ ಮೆಗ್ನೀಷಿಯಂ ಸಲ್ಫೇಟ್ ಸೇರಿಸಿ ಬ್ಯಾಕ್ಟೀರಿಯವನ್ನು ರಾತ್ರಿಯಿಡೀ ಬೆಳೆಸಿ. ಅಡಿಯ ಪದರಕ್ಕೆ 100 ಮಿ.ಲೀ.ಗೆ 1.5 ಗ್ರಾಂ ಅಗರ್, ಮೇಲಿನ ಪದರಕ್ಕೆ 0.7 ಗ್ರಾಂ. ವೈರಸ್ ದ್ರಾವಣವನ್ನು 0.1 ಮಿ.ಲೀ. ತೆಗೆದು 0.9 ಮಿ.ಲೀ.ಗೆ ಹಾಕುತ್ತ ಆರು ಸಲ ತೆಳು ಮಾಡಿ. ಪ್ರತಿ ಸಲವೂ ಪಿಪೆಟ್ಟಿನ ತುದಿ, ಅಂದರೆ ಟಿಪ್, ಬದಲಿಸಲೇಬೇಕು. ಒಂದೇ ಟಿಪ್ ಬಳಸಿದರೆ ಅದರ ಹೊರಗೋಡೆಗೆ ಅಂಟಿದ ವೈರಸ್ ಮುಂದಿನ ಕೊಳವೆಗೆ ದಾಟಿ, ಲೆಕ್ಕ ಹತ್ತರ ಪಟ್ಟಿನಲ್ಲಿ ಇಳಿಯುವುದೇ ಇಲ್ಲ. ತೆಳುವಾದ ವೈರಸ್ 0.1 ಮಿ.ಲೀ., ಬ್ಯಾಕ್ಟೀರಿಯ 0.2 ಮಿ.ಲೀ. ಸೇರಿಸಿ 37 ಡಿಗ್ರಿಯಲ್ಲಿ 20 ನಿಮಿಷ ಬಿಡಿ. ಆಮೇಲೆ 47 ಡಿಗ್ರಿಯಲ್ಲಿ ಕಾದ ಮೇಲಿನ ಪದರದ ಅಗರ್ 3 ಮಿ.ಲೀ. ಹಾಕಿ, ಕೊಳವೆಯನ್ನು ಅಂಗೈಗಳ ನಡುವೆ ಎರಡು ಸುತ್ತು ಹೊಸೆದು, ಕೂಡಲೇ ತಟ್ಟೆಗೆ ಸುರಿಯಿರಿ. ತೆಳ್ಳಗಿನ ಅಂಬಲಿಯಂತೆ ಹರಿದು ತಟ್ಟೆ ತುಂಬ ಹರಡಬೇಕು. ಗಂಟು ಗಂಟಾದರೆ ಆರಿಹೋಗಿದೆ ಎಂದರ್ಥ. ತೀರಾ ಬಿಸಿಯಿದ್ದರೆ ಬ್ಯಾಕ್ಟೀರಿಯವೇ ಸಾಯುತ್ತದೆ. ಧಾರವಾಡದ ಜಡಿಮಳೆಯ ದಿನಗಳಲ್ಲಿ ಅಡಿಯ ಪದರ ಬೇಗ ಆರುವುದಿಲ್ಲ. ಹಸಿ ತಟ್ಟೆಯ ಮೇಲೆ ಪ್ಲಾಕುಗಳು (ವೈರಸ್ ಬ್ಯಾಕ್ಟೀರಿಯವನ್ನು ಒಡೆದಲ್ಲಿ ಮೂಡುವ ವೃತ್ತಗಳು) ಒಂದಕ್ಕೊಂದು ಹರಿದು ಸೇರಿಬಿಡುತ್ತವೆ. ಬಳಸುವ ಮೊದಲು ಮುಚ್ಚಳ ಸ್ವಲ್ಪ ಓರೆ ಮಾಡಿ 37 ಡಿಗ್ರಿಯಲ್ಲಿ ಅರ್ಧ ತಾಸು ಇಡಿ.

ಮರುದಿನ 30ರಿಂದ 300 ಪ್ಲಾಕುಗಳಿರುವ ತಟ್ಟೆಯನ್ನಷ್ಟೇ ಎಣಿಸಿ. ಹತ್ತು ಲಕ್ಷ ಪಟ್ಟು ತೆಳು ಮಾಡಿದ್ದರ 0.1 ಮಿ.ಲೀ.ಯಲ್ಲಿ 84 ಬಂದರೆ, ಮೂಲ ದ್ರಾವಣದ ಒಂದು ಮಿ.ಲೀ.ಯಲ್ಲಿ 84 ಕೋಟಿ ವೈರಸ್.

ಈಗ ತಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಮಾಸಲು ಹಾಸಿನ ನಡುವೆ ಸಾಸಿವೆ ಕಾಳಿನಷ್ಟು ಅಗಲದ ವೃತ್ತಗಳು. ಆದರೆ ಅವು ಸ್ವಚ್ಛವಾಗಿರುವುದಿಲ್ಲ. ಅಂಚು ತಿಳಿಯಾಗಿ, ನಡುಭಾಗ ಪೊರೆ ಬಂದ ಕಣ್ಣಿನಂತೆ ಮಂಜಾಗಿರುತ್ತದೆ. ಆ ಮಂಜಿನಲ್ಲೇ ಜೀನ್ ನಿಯಂತ್ರಣವಿದೆ. ಅಲ್ಲಿ ಬೆಳೆದಿರುವ ಬ್ಯಾಕ್ಟೀರಿಯಗಳ ಒಳಗೂ ಲ್ಯಾಮ್ಡಾ ಇದೆ, ಆದರೆ ಸಿ-ಒನ್ ಎಂಬ ತಡೆಪ್ರೋಟೀನು ಅದನ್ನು ಮಲಗಿಸಿದೆ. ಹೊರಗಿಂದ ಬರುವ ಇನ್ನೊಂದು ಲ್ಯಾಮ್ಡಾವನ್ನೂ ಅದೇ ಪ್ರೋಟೀನು ತಡೆಯುತ್ತದೆ. ಇದರ ಎದುರಾಳಿ ಕ್ರೋ ಎಂಬ ಪ್ರೋಟೀನು. ಎರಡೂ ಒಂದೇ ಮೂರು ಡಿಎನ್‌ಎ ತಾಣಗಳಿಗಾಗಿ ಪೈಪೋಟಿ ನಡೆಸುತ್ತವೆ. ಸಿ-ಒನ್ ಮೊದಲ ಎರಡು ತಾಣ ಹಿಡಿದರೆ ವೈರಸ್ ಮಲಗುತ್ತದೆ, ಕ್ರೋ ಮೂರನೆಯದನ್ನು ಹಿಡಿದರೆ ಬ್ಯಾಕ್ಟೀರಿಯ ಒಡೆಯುತ್ತದೆ. ಹೊಟ್ಟೆ ತುಂಬಿದ ಬ್ಯಾಕ್ಟೀರಿಯದಲ್ಲಿ ಸಿ-ಟೂ ಎಂಬ, ಸಿ-ಒನ್‌ಗೆ ಸಹಾಯಕವಾದ ಪ್ರೋಟೀನು ಬೇಗ ಕತ್ತರಿಸಿಹೋಗುತ್ತದೆ, ವೈರಸ್ ಒಡೆಯುವ ದಾರಿ ಹಿಡಿಯುತ್ತದೆ. ಹಸಿದ ಬ್ಯಾಕ್ಟೀರಿಯದಲ್ಲಿ ಅದು ಉಳಿಯುತ್ತದೆ, ವೈರಸ್ ಅಡಗುತ್ತದೆ. ಸಾವಿರಾರು ಪ್ಲಾಕುಗಳಲ್ಲಿ ಒಂದು ಗಾಜಿನಂತೆ ಪೂರ್ತಿ ತಿಳಿಯಾಗಿ ಕಂಡರೆ ಅದು ಈ ಸಿ ಜೀನುಗಳಲ್ಲೊಂದು ಕೆಟ್ಟ ವೈರಸ್. ಸಿ ಎಂಬ ಹೆಸರು ಬಂದಿದ್ದೇ 'ಕ್ಲಿಯರ್' ಎಂಬುದರಿಂದ.

ಇನ್ನೊಂದು ತಟ್ಟೆ ಮಾಡಿ. ಈ ಸಲ ಮಾಲ್ಟೋಸ್ ಬದಲು ಗ್ಲೂಕೋಸ್‌ನಲ್ಲಿ ಬ್ಯಾಕ್ಟೀರಿಯ ಬೆಳೆಸಿ. ಪ್ಲಾಕುಗಳು ತೀರಾ ಕಡಿಮೆಯಾಗುತ್ತವೆ. ಲ್ಯಾಮ್ಡಾ ಒಳಹೊಗುವ ಬಾಗಿಲು ಮಾಲ್ಟೋಸ್ ಒಳತರುವ ಲ್ಯಾಮ್-ಬಿ ಪ್ರೋಟೀನು. ಗ್ಲೂಕೋಸ್ ಇದ್ದರೆ ಬ್ಯಾಕ್ಟೀರಿಯ ಆ ಜೀನನ್ನು ಇಳಿಸಿಬಿಡುತ್ತದೆ. ಲ್ಯಾಕ್ ಆಪೆರಾನ್ ಪಾಠದಲ್ಲಿ ಓದಿದ ಗ್ಲೂಕೋಸ್ ನಿಯಮವೇ ಇಲ್ಲಿ ವೈರಸ್ಸಿನ ಬಾಗಿಲು ಹಾಕಿತು. ನಿಮ್ಮ ಎರಡು ಪಾಠಗಳೂ ಈ ಎರಡು ತಟ್ಟೆಗಳಲ್ಲಿ ಅಕ್ಕಪಕ್ಕ ಕೂತಿವೆ.

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಒಂದು ಪ್ರೊಮೋಟರಿನ (ಜೀನನ್ನು ಚಾಲೂ ಮಾಡುವ ಡಿಎನ್‌ಎ ಸ್ವಿಚ್ಚಿನ) ಮೇಲೆ ವೈರಸ್ ಪ್ರೋಟೀನಿನ ಪರಿಣಾಮವನ್ನು ಲೂಸಿಫರೇಸ್ (ಬೆಳಕು ಸೂಸುವ ಕಿಣ್ವ) ವಿಧಾನದಲ್ಲಿ ಅಳೆಯುತ್ತಿದ್ದೇನೆ. ಒಮ್ಮೆ ಐದು ಪಟ್ಟು ಏರುತ್ತದೆ, ಮತ್ತೊಮ್ಮೆ ಏನೂ ಇಲ್ಲ. ಗೈಡ್ 'ಮತ್ತೆ ಮಾಡು' ಎನ್ನುತ್ತಾರೆ. ಎಲ್ಲಿ ತಪ್ಪುತ್ತಿರಬಹುದು?
— ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮತ್ತೆ ಮಾಡುವ ಮೊದಲು ಕಚ್ಚಾ ಅಂಕಿಗಳನ್ನು ತೆಗೆದು ಮುಂದಿಟ್ಟುಕೊಳ್ಳಿ. ಬಹಳ ಮಂದಿ ಫೈರ್‌ಫ್ಲೈ ಅಂಕಿಯನ್ನು (ನಿಮ್ಮ ಪ್ರೊಮೋಟರಿಗೆ ಅಂಟಿಸಿದ ಲೂಸಿಫರೇಸಿನ ಬೆಳಕು) ರೆನಿಲಾ ಅಂಕಿಯಿಂದ (ಹೋಲಿಕೆಗೆಂದು ಜೊತೆಗೆ ಹಾಕಿದ ಇನ್ನೊಂದು ಲೂಸಿಫರೇಸಿನ ಬೆಳಕು) ಭಾಗಿಸಿ, ಬಂದ ಅನುಪಾತವನ್ನಷ್ಟೇ ನೋಡುತ್ತಾರೆ. ರೋಗ ಅಡಗಿರುವುದು ಭಾಗಿಸುವ ಮೊದಲು.

ಉದಾಹರಣೆಗೆ, ವೈರಸ್ ಪ್ರೋಟೀನು ಇಲ್ಲದ ಕಡೆ ಫೈರ್‌ಫ್ಲೈ 1,20,000, ರೆನಿಲಾ 10,000. ಪ್ರೋಟೀನು ಇರುವ ಕಡೆ ಫೈರ್‌ಫ್ಲೈ 3,60,000, ರೆನಿಲಾ 30,000. ಅನುಪಾತ ಎರಡೂ ಕಡೆ 12. ಪರಿಣಾಮವಿಲ್ಲ ಎಂದು ಬರೆದುಬಿಡುತ್ತೀರಿ. ಆದರೆ ರೆನಿಲಾ ಮೂರು ಪಟ್ಟು ಏರಿದ್ದೇಕೆ? ರೆನಿಲಾ ಜೀನನ್ನು ಹೊತ್ತ ಡಿಎನ್‌ಎ ಉಂಗುರದಲ್ಲಿ, ಅಂದರೆ ಪ್ಲಾಸ್ಮಿಡ್ಡಿನಲ್ಲಿ, ಸಿಎಂವಿ ಅಥವಾ ಎಸ್‌ವಿ40 ಪ್ರೊಮೋಟರ್ ಇದ್ದರೆ ಅದೂ ವೈರಸ್ಸಿನದೇ ಸ್ವಿಚ್. ನಿಮ್ಮ ಪ್ರೋಟೀನು ಎರಡನ್ನೂ ಒತ್ತುತ್ತಿರಬಹುದು. ತಕ್ಕಡಿಯ ಬೊಟ್ಟೇ ಅಲ್ಲಾಡುತ್ತಿದ್ದರೆ ತೂಕ ನಂಬುವುದು ಹೇಗೆ? ಎಚ್‌ಎಸ್‌ವಿ ಟಿಕೆಯಂಥ ಮಂದ ಪ್ರೊಮೋಟರಿನ ರೆನಿಲಾಕ್ಕೆ ಬದಲಾಯಿಸಿ, ಅದೂ ಅಲ್ಲಾಡುತ್ತಿಲ್ಲವೆಂದು ಮೊದಲೇ ತೋರಿಸಿಕೊಳ್ಳಿ. ಅದೂ ಅಲ್ಲಾಡಿದರೆ ರೆನಿಲಾ ಬಿಟ್ಟು ಒಟ್ಟು ಪ್ರೋಟೀನಿನ ಪ್ರಮಾಣಕ್ಕೆ ಭಾಗಿಸಿ.

ಎರಡನೆಯ ಶಂಕೆ ಡಿಎನ್‌ಎ ಪ್ರಮಾಣದ್ದು. 24 ವೆಲ್‌ಗಳ (ಕುಳಿಗಳ) ಪ್ಲೇಟಿನಲ್ಲಿ ವೆಲ್ಲಿಗೆ ಒಂದು ಲಕ್ಷ ಎಚ್‌ಇಕೆ293ಟಿ ಎಂಬ ಮನುಷ್ಯ ಕೋಶ ಹಾಕಿ, ಮರುದಿನ ಅವು ತಳದ ಶೇ. 60ರಿಂದ 80 ಭಾಗ ತುಂಬಿದಾಗ ಡಿಎನ್‌ಎ ಕೊಡುವುದು ವಾಡಿಕೆ. ಫೈರ್‌ಫ್ಲೈ 200 ನ್ಯಾನೋಗ್ರಾಂ, ರೆನಿಲಾ 10, ವೈರಸ್ ಪ್ರೋಟೀನಿನ ಪ್ಲಾಸ್ಮಿಡ್ 0, 50, 100, 200 ಎಂದು ಏರಿಸುತ್ತ ಹೋಗಿ. ಆದರೆ ಪ್ರತಿ ವೆಲ್ಲಿನ ಒಟ್ಟು ಡಿಎನ್‌ಎ 500 ಆಗಲೇಬೇಕು. ಉಳಿದದ್ದನ್ನು ಅದೇ ಖಾಲಿ ವೆಕ್ಟರಿನಿಂದ (ವೈರಸ್ ಜೀನಿಲ್ಲದ ಅದೇ ಪ್ಲಾಸ್ಮಿಡ್ಡಿನಿಂದ) ತುಂಬಿ: 0 ಇರುವಲ್ಲಿ 290, 200 ಇರುವಲ್ಲಿ 90. ಇದನ್ನು ಬಿಟ್ಟವರಿಗೆ ಕಾಣುವ ಏರಿಳಿತ ಪ್ರೋಟೀನಿನದ್ದಲ್ಲ, ಒಳಹೋದ ಡಿಎನ್‌ಎಯದು. ನೂರಾರು ನ್ಯಾನೋಗ್ರಾಂ ರೆನಿಲಾ ಹಾಕುವುದೂ ತಪ್ಪು. ಅದರ ಪ್ರೊಮೋಟರ್ ಕೋಶದ ಅಂಶಗಳನ್ನು ಎಳೆದುಕೊಂಡು ನಿಮ್ಮ ಪ್ರೊಮೋಟರನ್ನು ಬಡವಾಗಿಸುತ್ತದೆ.

ಮೂರನೆಯದು ನಮ್ಮ ಕಡೆಯ ಬೇಸಿಗೆ. ಲೂಸಿಫರೇಸ್ ಚೆನ್ನಾಗಿ ಕೆಲಸ ಮಾಡುವುದು 20ರಿಂದ 25 ಡಿಗ್ರಿಯಲ್ಲಿ. ಏಪ್ರಿಲ್‌ನಲ್ಲಿ ಎಸಿ ಇಲ್ಲದ ಹುಬ್ಬಳ್ಳಿಯ ಕೋಣೆಯಲ್ಲಿ ಅಳೆದ ಅಂಕಿಯನ್ನು ಡಿಸೆಂಬರ್‌ನದ್ದಕ್ಕೆ ಹೋಲಿಸುವಂತಿಲ್ಲ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ತಣ್ಣನೆಯ ರಿಯೇಜೆಂಟೂ ಅಂಕಿ ಇಳಿಸುತ್ತದೆ. ಎಲ್ಲವನ್ನೂ 22-25 ಡಿಗ್ರಿಗೆ ತಂದು, ವೆಲ್ಲಿಗೆ 100 ಮೈಕ್ರೋಲೀಟರ್ ಲೈಸಿಸ್ ಬಫರ್ ಹಾಕಿ 15 ನಿಮಿಷ ಅಲುಗಾಡಿಸಿ, 20 ಮೈಕ್ರೋಲೀಟರ್ ತೆಗೆದು ಅಳೆಯಿರಿ. ರಿಯೇಜೆಂಟನ್ನು ಮೊದಲ ದಿನವೇ ಸಣ್ಣ ಸಣ್ಣ ಕೊಳವೆಗಳಿಗೆ ಹಂಚಿ ಫ್ರೀಜ್ ಮಾಡಿ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಅದರ ಕಸುವು ಹೋಗುತ್ತದೆ.

ನಾಲ್ಕನೆಯದು ಮೈಕೋಪ್ಲಾಸ್ಮಾ. ಈ ಸೂಕ್ಷ್ಮಾಣು ಕೋಶಗಳಲ್ಲಿ ಸೇರಿಕೊಂಡರೆ ದ್ರಾವಣ ಕದಡುವುದಿಲ್ಲ, ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ, ಪೆನಿಸಿಲಿನ್‌ಗೆ ಜಗ್ಗುವುದಿಲ್ಲ. ಕೋಶ ಮಾತ್ರ ಸೋಂಕು ತಗಲಿದಂತೆ ವರ್ತಿಸಿ ಎನ್‌ಎಫ್-ಕಪ್ಪಾ-ಬಿಯಂಥ ಜೀನ್ ನಿಯಂತ್ರಕಗಳನ್ನು ಎಬ್ಬಿಸಿರುತ್ತದೆ. ನಿಮ್ಮ ಪ್ರೊಮೋಟರಿನಲ್ಲಿ ಅದರ ತಾಣವಿದ್ದರೆ ಎಲ್ಲ ಫಲಿತಾಂಶವೂ ಹಾಳು. ಪಿಸಿಆರ್ ಪರೀಕ್ಷೆ ಒಂದೇ ದಿನದ ಕೆಲಸ, ತಿಂಗಳಿಗೊಮ್ಮೆ ಮಾಡಿ.

ಒಂದೇ ದಿನ ಒಂದೇ ಕೋಶಗಳ ಮೂರು ವೆಲ್ ಎಂದರೆ ಮೂರು ಪ್ರಯೋಗವಲ್ಲ, ಒಂದೇ. ಬೇರೆ ಬೇರೆ ವಾರ, ಬೇರೆ ಬ್ಯಾಚಿನ ಕೋಶಗಳಲ್ಲಿ ಮೂರು ಸಲ ಮಾಡಿ, ಆ ಮೂರು ಅಂಕಿಗಳ ಮೇಲೆ ಸಂಖ್ಯಾಶಾಸ್ತ್ರ ನಡೆಸಿ. ಪರಿಣಾಮ ನಿಂತರೆ ಪ್ರೊಮೋಟರಿನಲ್ಲಿ ನೀವು ಊಹಿಸಿದ ತಾಣದ ಎರಡು ಮೂರು ಅಕ್ಷರ ಕೆಡಿಸಿ ಮತ್ತೆ ನೋಡಿ. ಏರಿಕೆ ಮಾಯವಾದರೆ ಮಾತ್ರ ಆ ತಾಣದ್ದೇ ಕೆಲಸ ಎನ್ನಬಹುದು.

ಕಡೆಯದಾಗಿ, ಪ್ಲಾಸ್ಮಿಡ್ಡಿನ ಮೇಲಿನ ಪ್ರೊಮೋಟರ್ ಬತ್ತಲೆ ಡಿಎನ್‌ಎಗೆ ಹತ್ತಿರ, ಕ್ರೋಮೋಸೋಮಿನಲ್ಲಿ ಅದು ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಹಾಗಾಗಿ ಕೋಶದ ಸ್ವಂತ ಜೀನೂ ಏರಿತೇ ಎಂದು ಆರ್‌ಎನ್‌ಎ ಪ್ರಮಾಣ ಅಳೆಯುವ ಆರ್‌ಟಿ-ಕ್ಯುಪಿಸಿಆರ್‌ನಲ್ಲಿ ನೋಡಬೇಕು. ಪ್ರೈಮರುಗಳ ಸಾಮರ್ಥ್ಯ ಶೇ. 90ರಿಂದ 110ರ ನಡುವೆ ಇರಲಿ. ಸಿಟಿ ಅಂಕಿಯಲ್ಲಿ (ಫಲಿತ ಕಾಣಿಸಿಕೊಳ್ಳಲು ಬೇಕಾದ ಪಿಸಿಆರ್ ಸುತ್ತುಗಳ ಸಂಖ್ಯೆಯಲ್ಲಿ) 3 ವ್ಯತ್ಯಾಸ ಎಂದರೆ ಎಂಟು ಪಟ್ಟು. ಇಲ್ಲಿಯೂ ಹೋಲಿಕೆಯ ಜೀನು ಅಲ್ಲಾಡಬಾರದು. ಅನೇಕ ವೈರಸ್‌ಗಳು ಕೋಶದ ಆರ್‌ಎನ್‌ಎಯನ್ನೇ ಸಾಮೂಹಿಕವಾಗಿ ಕಡಿದುಹಾಕುತ್ತವೆ, ಆಗ ಹೋಲಿಕೆಗೆ ಬಳಸುವ ಆಕ್ಟಿನ್, ಜಿಎಪಿಡಿಎಚ್ ಜೀನುಗಳೆರಡೂ ಇಳಿಯುತ್ತವೆ. ಇಂಥ ಕಡೆ 18ಎಸ್ ಆರ್‌ಎನ್‌ಎಯನ್ನೂ ಸೇರಿಸಿ ಎರಡು ಮೂರನ್ನು ಪರೀಕ್ಷಿಸಿ ಆರಿಸಿಕೊಳ್ಳಿ.

ಪ್ರಶ್ನೆ: ನಮ್ಮ ಮೆಣಸಿನಗಿಡ ಮುಟುರು ಬಿದ್ದು ಕುಂತಾವ್ರಿ. ಮೂರು ಸಲ ಎಣ್ಣಿ (ಔಷಧ) ಹೊಡದೇವಿ, ಹತೋಟಿಗೆ ಬರವಲ್ದು. ವೈರಸ್ ಅಂತಾರ. ವೈರಸ್ಸಿಗೆ ಎಣ್ಣಿ ಯಾಕಿಲ್ಲ? ಈ ಜೀನಿನ ಸಂಶೋಧನಾದಿಂದ ನಮಗೇನು ಉಪಯೋಗ?
— ರೈತರು, ಬ್ಯಾಡಗಿ ತಾಲೂಕು

ಉತ್ತರ: ಮೊದಲು ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ, ಮಗುಚಿದ ದೋಣಿಯಂತೆ ಬಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎಲೆ ಸಣ್ಣದಾಗಿ, ನರ ದಪ್ಪವಾಗಿ, ಗೆಣ್ಣು ಗಿಡ್ಡವಾಗಿ, ತುದಿಯೆಲ್ಲ ಗೊಂಚಲಿನಂತೆ ಮುದುಡಿ ಹಳದಿ ತಿರುಗಿದ್ದರೆ ಬಿಳಿ ನೊಣ ತಂದ ವೈರಸ್. ಮೂರೂ ಒಟ್ಟಿಗೆ ಇರುವುದೂ ಉಂಟು. ಥ್ರಿಪ್ಸ್‌ಗೆ ಹೊಡೆಯುವ ಎಣ್ಣೆ ಮೈಟ್‌ಗೆ ನಾಟುವುದಿಲ್ಲ, ಮೈಟ್‌ನದು ವೈರಸ್ಸಿಗೆ ಏನೂ ಮಾಡದು. ಯಾವುದೆಂದು ತಿಳಿಯದೆ ಹೊಡೆದರೆ ದುಡ್ಡೂ ಹೋಯಿತು, ನುಸಿ ತಿನ್ನುವ ಮಿತ್ರಕೀಟವೂ ಹೋಯಿತು. ಎಲೆಗಳನ್ನು ತೆಗೆದುಕೊಂಡು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ತೋರಿಸಿ.

ವೈರಸ್ಸಿಗೆ ಎಣ್ಣೆ ಇಲ್ಲದಿರಲು ಕಾರಣ, ಅದು ಗಿಡದ ಕೋಶದ ಒಳಗೆ, ಗಿಡದ ಯಂತ್ರವನ್ನೇ ಬಳಸಿ ಬೆಳೆಯುತ್ತದೆ. ಯಂತ್ರ ನಿಲ್ಲಿಸಿದರೆ ಗಿಡವೇ ನಿಲ್ಲುತ್ತದೆ. ಇದು ಬೆಗೊಮೊವೈರಸ್ ಎಂಬ ಗುಂಪು. ಡಿಎನ್‌ಎ ಸುಮಾರು 2,700 ಅಕ್ಷರದ ಒಂದು ಉಂಗುರ. ಗಿಡಕ್ಕೂ ಒಂದು ರಕ್ಷಣೆಯಿದೆ: ವೈರಸ್ಸಿನ ಆರ್‌ಎನ್‌ಎಯನ್ನು 21ರಿಂದ 24 ಅಕ್ಷರದ ತುಣುಕುಗಳಾಗಿ ಕತ್ತರಿಸಿ, ಆ ತುಣುಕುಗಳನ್ನೇ ಗುರುತುಚೀಟಿಯಾಗಿ ಬಳಸಿ ವೈರಸ್ಸಿನ ಜೀನುಗಳ ಬಾಯಿ ಮುಚ್ಚಿಸುತ್ತದೆ. ಆದರೆ ಈ ವೈರಸ್ಸಿನ ಜೊತೆ ಅದರ ಅರ್ಧದಷ್ಟಿರುವ ಬೀಟಾಸ್ಯಾಟಲೈಟ್ ಎಂಬ ಇನ್ನೊಂದು ಉಂಗುರವೂ ಬಂದಿರುತ್ತದೆ. ಅದರ ಒಂದು ಪ್ರೋಟೀನು ಗಿಡದ ಈ ರಕ್ಷಣೆಯ ಸ್ವಿಚ್ಚನ್ನೇ ಆರಿಸುತ್ತದೆ. ನೀವು ನೋಡುತ್ತಿರುವ ಮುಟುರು ಬಹುಮಟ್ಟಿಗೆ ಅದರ ಫಲ.

ಸಂಶೋಧನೆಯ ಉಪಯೋಗ ಇಲ್ಲಿದೆ. ಆ ರಕ್ಷಣೆಯನ್ನು ಹೊರಗಿನಿಂದ ಬಲಪಡಿಸಬಹುದೇ ಎಂದು ಕೆಲಸ ನಡೆದಿದೆ. 2017ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಜ್ಞಾನಿಗಳು ಜೋಡಿ ಎಳೆಯ ಆರ್‌ಎನ್‌ಎಯನ್ನು ಅತಿ ತೆಳ್ಳನೆಯ ಜೇಡಿಪದರಕ್ಕೆ ಹಚ್ಚಿ ಸಿಂಪಡಿಸಿ, ತಂಬಾಕಿನ ಗಿಡವನ್ನು ಒಂದು ಸಿಂಪಡಣೆಯಿಂದ 20 ದಿನ ವೈರಸ್ಸಿನಿಂದ ಕಾಪಾಡಿದರು. ಅದು ಬೇರೆ ಜಾತಿಯ ವೈರಸ್. ಬ್ಯಾಡಗಿಯ ಹೊಲಕ್ಕೆ ಹೊಂದುವ ಮದ್ದು ಅದರಿಂದ ಇನ್ನೂ ಬಂದಿಲ್ಲ. ಯಾರಾದರೂ ಆ ಹೆಸರಿನಲ್ಲಿ ಬಾಟಲಿ ಮಾರಲು ಬಂದರೆ ನಂಬಬೇಡಿ.

ಈ ಹಂಗಾಮಿಗೆ ಮಾಡಬಹುದಾದದ್ದು: ಮಡಿಯನ್ನು 40-50 ಮೆಶ್ ನೈಲಾನ್ ಪರದೆಯೊಳಗೆ ಬೆಳೆಸಿ. ಸಣ್ಣ ಸಸಿಯಲ್ಲೇ ಸೋಂಕಾದರೆ ಆ ಗಿಡದಿಂದ ಕಾಯಿ ನಿರೀಕ್ಷಿಸಬೇಡಿ. ಹೊಲದ ಸುತ್ತ ಎರಡು ಮೂರು ಸಾಲು ಗೋವಿನಜೋಳ ಅಥವಾ ಜೋಳವನ್ನು ಮೆಣಸಿನ ನಾಟಿಗೆ ಮೊದಲೇ ಬಿತ್ತಿ. ನಾಟಿಯ ಮೊದಲ ತಿಂಗಳಲ್ಲಿ ಮುದುಡಿದ ಗಿಡ ಕಂಡರೆ ಕಿತ್ತು ಚೀಲದೊಳಗೆ ಹಾಕಿಕೊಂಡೇ ಹೊರಗೊಯ್ದು ಸುಡಿ. ಬದುವಿನ ಮೇಲೆ ಎಸೆದರೆ ಬಿಳಿ ನೊಣ ಅಲ್ಲಿಂದಲೇ ಮತ್ತೆ ತರುತ್ತದೆ. ಮೂರು ತಿಂಗಳ ಗಿಡ ಮುದುಡಿದರೆ ಕೀಳುವುದರಿಂದ ಲಾಭ ಕಡಿಮೆ, ನೊಣದ ಹತೋಟಿಯಷ್ಟೇ ನೋಡಿಕೊಳ್ಳಿ.

ಪ್ರಶ್ನೆ: ವೈರಾಲಜಿ ಇಷ್ಟ. ಆದರೆ ಎಚ್‌ಐವಿಯಂಥ ವೈರಸ್ ಕೈಯಲ್ಲಿ ಹಿಡಿಯಲು ಭಯ. ಬೇರೆ ದಾರಿ ಇದೆಯೇ?
— ವಿದ್ಯಾರ್ಥಿನಿ, ಹಾವೇರಿ

ಉತ್ತರ: ಇದೆ, ಮತ್ತು ಅದು ಅಡ್ಡದಾರಿಯಲ್ಲ. ಎಚ್‌ಐವಿಯ ಜೀನ್ ನಿಯಂತ್ರಣದ ಬಹಳಷ್ಟು ಕೆಲಸ ಅದರ ಎಲ್‌ಟಿಆರ್ ಎಂಬ ಸ್ವಿಚ್ಚಿನ ತುಣುಕನ್ನಷ್ಟೇ ಲೂಸಿಫರೇಸ್ ಜೀನಿಗೆ ಅಂಟಿಸಿ ಮಾಡಿದ್ದು. ಆ ತುಣುಕು ಯಾರಿಗೂ ರೋಗ ತರದು. ಭಾರತದಲ್ಲಿ ಹೆಚ್ಚಾಗಿರುವ ಸಬ್‌ಟೈಪ್ ಸಿ (ಸಿ ಉಪಬಗೆಯ) ವೈರಸ್ಸಿನ ಎಲ್‌ಟಿಆರ್‌ನಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಜೀನ್ ನಿಯಂತ್ರಕ ಕೂರುವ ತಾಣಗಳು ಸಾಮಾನ್ಯವಾಗಿ ಮೂರು, ಪಶ್ಚಿಮ ದೇಶಗಳ ಸಬ್‌ಟೈಪ್ ಬಿಯಲ್ಲಿ ಎರಡು. ನಾಲ್ಕು ತಾಣವಿರುವ ತಳಿಗಳು ಭಾರತದಲ್ಲಿ ಹೊಮ್ಮುತ್ತಿರುವುದನ್ನೂ, ತಾಣ ಹೆಚ್ಚಿದಷ್ಟು ಸ್ವಿಚ್ ಜೋರಾಗುವುದನ್ನೂ ತೋರಿಸಿದ ಕೆಲಸ ನಡೆದದ್ದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ.

ಆದರೂ ಯಾವ ತುಣುಕನ್ನೇ ಆಗಲಿ ಹೊಸ ಜೀವಕೋಶಕ್ಕೆ ಸೇರಿಸುವ ಮೊದಲು ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ಭಯವನ್ನು ಪೂರ್ತಿ ಕಳೆದುಕೊಳ್ಳಬೇಡಿ. ಕೈಗವಸು ಹಾಕಿದ ಕೈಯಲ್ಲೇ ಮೊಬೈಲ್ ಮುಟ್ಟದಂತೆ ತಡೆಯುವುದು ಅದೇ.

ಪ್ರಶ್ನೆ: ಏಳನೇ ತನಕ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ದೊಡ್ಡ ಲ್ಯಾಬುಗಳಿಗೆ ಇಂಟರ್ನ್‌ಶಿಪ್ ಕೇಳಿ ನಲವತ್ತು ಈ-ಮೇಲ್ ಕಳಿಸಿದೆ, ಒಂದಕ್ಕೂ ಉತ್ತರವಿಲ್ಲ. ಇಂಗ್ಲಿಷ್ ಕಾರಣವೇ? ಮುಂದೆ ಪಿಎಚ್.ಡಿ. ಗೈಡನ್ನು ಆರಿಸುವಾಗ ಏನು ನೋಡಬೇಕು?
— ಎಂ.ಎಸ್ಸಿ. ವಿದ್ಯಾರ್ಥಿನಿ, ಗದಗ

ಉತ್ತರ: ಇಂಗ್ಲಿಷ್ ಕಾರಣವಲ್ಲ, ನಲವತ್ತೂ ಒಂದೇ ಪತ್ರವಾಗಿದ್ದದ್ದು ಕಾರಣ. 'ನಿಮ್ಮ ಗೌರವಾನ್ವಿತ ಲ್ಯಾಬಿನಲ್ಲಿ ಅವಕಾಶ ಕೊಡಿ' ಎಂಬ ಪತ್ರ ಅವರಿಗೆ ದಿನವೂ ಹತ್ತಾರು ಬರುತ್ತವೆ. ಐದೇ ಲ್ಯಾಬ್ ಆರಿಸಿ. ಪ್ರತಿಯೊಂದರ ಈಚಿನ ಒಂದು ಪ್ರಬಂಧ ತೆಗೆದು, ಅದರ ಒಂದೇ ಒಂದು ಚಿತ್ರವನ್ನು ಪೂರ್ತಿ ಅರ್ಥವಾಗುವ ತನಕ ಓದಿ: ಅಡ್ಡಸಾಲಿನಲ್ಲಿ ಏನಿದೆ, ಕಂಟ್ರೋಲ್ (ಹೋಲಿಕೆಗೆ ಇಟ್ಟದ್ದು) ಯಾವುದು, ಅದಿಲ್ಲದಿದ್ದರೆ ಏನು ತಪ್ಪು ತಿಳಿಯುತ್ತಿದ್ದೆವು. ಪತ್ರದಲ್ಲಿ ಆ ಚಿತ್ರದ ಬಗ್ಗೆ ಎರಡು ವಾಕ್ಯ, ನಿಮ್ಮ ಕೈ ಕೆಲಸದ ಬಗ್ಗೆ ಎರಡು ವಾಕ್ಯ (ಪ್ಲಾಕ್ ಎಣಿಸಿದ್ದೇನೆ, ಪಿಸಿಆರ್ ಸ್ವತಃ ಮಾಡಿದ್ದೇನೆ ಎಂದು), ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬರಬಲ್ಲಿರಿ ಎಂದು ಒಂದು ವಾಕ್ಯ. ಅಷ್ಟೇ. ಸರಳ ಇಂಗ್ಲಿಷ್ ಸಾಕು. ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. ಈ-ಮೇಲ್‌ಗಳ ಜೊತೆಗೆ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೂ ಅರ್ಜಿ ಹಾಕಿ. ಅದರಲ್ಲಿ ಭತ್ಯೆಯೂ ಇದೆ, ಪರಿಚಯದ ಅಗತ್ಯವೂ ಇಲ್ಲ.

ಕನ್ನಡದಲ್ಲಿ ಯೋಚಿಸುವುದನ್ನು ಬಿಡಬೇಡಿ. ಪ್ರಯೋಗದ ತರ್ಕವನ್ನು ಮೊದಲು ಕನ್ನಡದಲ್ಲಿ ಮೂರು ವಾಕ್ಯಕ್ಕೆ ಇಳಿಸಲು ಬಂದರೆ ಇಂಗ್ಲಿಷಿಗೆ ದಾಟಿಸುವುದು ಶಬ್ದಕೋಶದ ಕೆಲಸ. ನಿಜವಾಗಿ ಹಿಂದೆ ಬೀಳಿಸುವುದು ಸಂಖ್ಯಾಶಾಸ್ತ್ರ. ಅದರ ಜೊತೆ ಆರ್ ಅಥವಾ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಎರಡರಲ್ಲಿ ಒಂದನ್ನು ಈ ವರ್ಷವೇ ಕಲಿಯಿರಿ. ಇಂದಿನ ಜೀನ್ ನಿಯಂತ್ರಣದ ಲ್ಯಾಬಿನಲ್ಲಿ ಅರ್ಧ ಕೆಲಸ ಕಂಪ್ಯೂಟರಿನ ಮುಂದೆ.

ಗೈಡ್ ಆರಿಸುವಾಗ ಅವರ ಪ್ರಶಸ್ತಿಗಳಿಗಿಂತ ಅವರ ಹಳೆಯ ವಿದ್ಯಾರ್ಥಿಗಳನ್ನು ನೋಡಿ. ಹಿಂದಿನ ಐವರು ಎಷ್ಟು ವರ್ಷಕ್ಕೆ ಮುಗಿಸಿದರು, ಮೊದಲ ಲೇಖಕರಾಗಿ ಎಷ್ಟು ಪ್ರಬಂಧ ಬರೆದರು, ಯಾರಾದರೂ ನಡುವೆ ಬಿಟ್ಟುಹೋದರೇ, ಬಿಟ್ಟಿದ್ದರೆ ಏಕೆ. ಲ್ಯಾಬಿನವರ ಜೊತೆ ಗೈಡ್ ಇಲ್ಲದ ಹೊತ್ತಿನಲ್ಲಿ ಅರ್ಧ ತಾಸು ಚಹಾ ಕುಡಿದರೆ ಇದೆಲ್ಲ ತಿಳಿಯುತ್ತದೆ. ನಡೆಯುತ್ತಿರುವ ಪ್ರಾಜೆಕ್ಟಿನ ಅನುದಾನ ಇನ್ನೆಷ್ಟು ವರ್ಷವಿದೆ ಎಂದು ನೇರವಾಗಿ ಕೇಳಿ, ಸಂಕೋಚ ಬೇಡ. ಹಿಂದಿನವರ ಲ್ಯಾಬ್ ನೋಟ್‌ಬುಕ್ ಒಂದನ್ನು ತೋರಿಸಲು ವಿನಂತಿಸಿ. ಕೆಟ್ಟ ಪ್ರಯೋಗಗಳೂ ದಿನಾಂಕ ಸಮೇತ ಅಲ್ಲಿದ್ದರೆ ಒಳ್ಳೆಯ ಲಕ್ಷಣ, ಗೆದ್ದ ಪ್ರಯೋಗಗಳಷ್ಟೇ ಇದ್ದರೆ ಯೋಚಿಸಿ. ಮತ್ತೆ ಹೊರಡುವ ಮುನ್ನ ಮೈನಸ್ 80 ಡಿಗ್ರಿ ಫ್ರೀಜರ್ ಎಲ್ಲಿದೆ, ಕರೆಂಟ್ ಹೋದರೆ ಅದಕ್ಕೆ ಜನರೇಟರ್ ಸಂಪರ್ಕ ಇದೆಯೇ, ರಾತ್ರಿ ಅಲಾರಂ ಹೊಡೆದರೆ ಯಾರ ಫೋನಿಗೆ ಹೋಗುತ್ತದೆ ಎಂದು ಕೇಳಿ. ನಿಮ್ಮ ಐದು ವರ್ಷದ ವೈರಸ್ ಸ್ಯಾಂಪಲ್ಲುಗಳು ಇರುವುದು ಅದರಲ್ಲೇ.